ಮೊದಲು ಛತ್ತು ನೋಡುತ್ತಿದ್ದ ಅಕ್ಕೋರು

"ಒಂದು ಫೋಟೋ ಬೇಕಾಗಿತ್ತು ವೈನಿ. ಜರಾ ನಗಲಿಕತ್ತಿದ್ದು ಇರ್ಲಿ. ಬೋರ್ಡಿನ ಮ್ಯಾಲ ಛಲೋ ಕಾಣ್ತದ."

ಹೆಣ್ಣುಮಕ್ಕಳ ಶಾಲೆಯ ಸಮಿತಿಯ ಕಾರ್ಯದರ್ಶಿಗಳು ನಮ್ಮ ಪಡಸಾಲೆಯಲ್ಲಿ ಕೂತು ಹೀಗೆ ಕೇಳಿದಾಗ ಪಕ್ಕದ ಮನೆಯ ಅಕ್ಕೋರು ತೀರಿಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಬಂದ ಕೂಡಲೇ ಅವರು, "ಆ ಪರದಾ ಎಳೀರಿ, ಬಿಸಲು ಕಣ್ಣಿಗಿ ಹೊಡೀಲಿಕತ್ತದ" ಅಂದಿದ್ದರು. ಎಳೆದೆ. "ಈಗ ಲೈಟ್ ಹಾಕ್ರಿ, ಮಾರಿ ಕಾಣವಲ್ದು" ಅಂದರು. ಹಾಕಿದೆ. ಮನೆಗೆ ಬಂದವರ ಮಾತು ತೆಗೆದುಹಾಕಬಾರದು ಅಂತ ಶಾಲೆಯಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದರು. ಹಾಕಿದ ಮೇಲೆ ನನ್ನ ಕಿವಿ ತಾನಾಗಿ ಗೋಡೆಯ ಕಡೆ ತಿರುಗಿತು. ಅಕ್ಕೋರು ಇದ್ದಿದ್ದರೆ ಆ ಕಡೆಯಿಂದಲೇ ಕೂಗಿರುತ್ತಿದ್ದರು: "ಮಟಮಟ ಮಧ್ಯಾಹ್ನ ಪರದಾ ಎಳದು ದೀಪ ಹಚ್ಚೋದು! ಹೇಸಿಗಿ!"

ಗೋಡೆ ಸುಮ್ಮನಿತ್ತು.

"ಶಾಲಿ ಅಂಗಳಕ್ಕ ಪೂರ್ತಿ ತಗಡಿನ ಶೆಡ್ ಹಾಕ್ಲಿಕತ್ತೀವ್ರಿ, ಮೇಡಂ ಹೆಸರಿಲೆ," ಅಂದರು ಕಾರ್ಯದರ್ಶಿಗಳು. "ಸ್ಮಾರಕ ಭವನ. ಕಂಬ ನಿಂತಾವ. ಮೇಡಂನವರ ಆತ್ಮಕ್ಕ ಎಷ್ಟು ಸಂತೋಷ ಆಗ್ತದ ನೋಡ್ರಿ."

ಅವರ ಬಾಯಲ್ಲಿ ಸೋಂಪು ಇತ್ತು. ಒಂದೊಂದೇ ಕಾಳು ಮುಂದಿನ ಹಲ್ಲಿನಿಂದ ಕಡಿದು, ಸಿಪ್ಪೆಯನ್ನು ನಾಲಿಗೆಯ ತುದಿಯಿಂದ ತೆಗೆದು, ನಮ್ಮ ಸೋಫಾದ ಕೈಗೆ ಒರೆಸುತ್ತಿದ್ದರು. ನಾನು ಅದನ್ನೇ ನೋಡುತ್ತ ಕೂತೆ. ಆ ಅಂಗಳ ಎಂಥದು ಅಂತ ಈ ಮನುಷ್ಯನಿಗೆ ಗೊತ್ತಿತ್ತು. ಅಕ್ಕೋರು ಅವರ ಮುಂದೆಯೇ ನಿಂತು ಹೇಳಿದ್ದರು, ನಾನೂ ಅಲ್ಲಿದ್ದೆ. ಅಂಗಳಕ್ಕೆ ತಗಡು ಬಿದ್ದರೆ ಅದರ ಸುತ್ತಲ ಕೋಣೆಗಳಲ್ಲಿ ಓದುವ ಅಷ್ಟೂ ಹುಡುಗಿಯರಿಗೆ ಹಗಲು ಮುಗಿಯಿತು ಅಂತಲೇ ಅರ್ಥ. ಅದನ್ನು ಅಕ್ಕೋರ ಹೆಸರಿನಲ್ಲೇ ಮಾಡುವುದಂತೆ.

ಊರಿನವರಿಗೆಲ್ಲ ಅವರು ಮೇಡಂ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ಮದುವೆಯಾಗದವರು, ಏಕಾದಶಿ ತಪ್ಪಿಸದವರು, ಯಾರನ್ನೂ ಬಾಯಿತುಂಬ ಹೊಗಳದವರು. ಅವರ ಹತ್ತಿರ ಓದಿದವಳಲ್ಲದಿದ್ದರೂ ನನಗೆ ಮಾತ್ರ ಅವರು ಅಕ್ಕೋರು. ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಕಲಿತು ಶಹಾಬಾದಿಗೆ ಸೊಸೆಯಾಗಿ ಬಂದವಳು. ಅವರು ನನ್ನ ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. "ಏ ಕಾನ್ವೆಂಟ್" ಅನ್ನುತ್ತಿದ್ದರು. ನನ್ನ ಬಾಯಲ್ಲಿ ಸಾರಿ, ಥ್ಯಾಂಕ್ಯು ಕೇಳಿದರೆ ಅವರ ಮೂಗಿನ ಹೊಳ್ಳೆ ಕಿರಿದಾಗುತ್ತಿತ್ತು.

"ನಿನಗ ಯಾವುದಕ್ಕೂ ಹೇಸಿಗಿ ಬರಂಗಿಲ್ಲಲ್ಲ ಕಾನ್ವೆಂಟ್, ಅದು ಒಂದು ಬ್ಯಾನಿ ನೋಡು," ಅನ್ನುತ್ತಿದ್ದರು.

"ಸಿಟ್ಟು ಬರ್ತದಲ್ರಿ ಅಕ್ಕೋರ, ಒಮ್ಮೊಮ್ಮೆ."

"ಸಿಟ್ಟು ಬ್ಯಾರೆ. ಒಂದು ಗ್ಲಾಸ್ ನೀರು ಕುಡದ್ರ ಇಳೀತದ. ಹೇಸಿಗಿ ಇಳೀಬಾರ್ದು. ಇಳದ್ರ ಮನುಷ್ಯ ಅದರಾಗೇ ಕುಂತು ಊಟ ಮಾಡ್ತಾನ."

ಯಾರ ಮನೆಗೆ ಹೋದರೂ ಅಕ್ಕೋರು ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಛತ್ತು ನೋಡುತ್ತಿದ್ದರು. ಹೊಸ್ತಿಲು ದಾಟಿ ನಿಂತು, ಕತ್ತು ಎತ್ತಿ, ಹಾಗೇ ಸ್ವಲ್ಪ ಹೊತ್ತು. ಹಲ್ಲಿ ಇದೆಯೇನೋ ಅಂತ ಮನೆಯವರೂ ಮೇಲೆ ನೋಡುವರು. ಆಮೇಲೆ ಅವರ ಕಣ್ಣು ನಿಧಾನವಾಗಿ ಗೋಡೆ ಇಳಿದು ಕಿಟಕಿಗೆ ಬರುವುದು. ಕಿಟಕಿಯ ಕಟ್ಟೆಯ ಮೇಲೆ ತೋರುಬೆರಳಿನಿಂದ ಒಂದು ಗೆರೆ ಎಳೆದು, ಬೆರಳನ್ನು ಮೂಗಿನ ಹತ್ತಿರ ಹಿಡಿದು, ಆಮೇಲೆ "ಹಾಂ, ಆರಾಮ ಇದ್ದೀರೇನ್ರಿ?"

ನಮ್ಮ ಮನೆಯ ಪಡಸಾಲೆಯನ್ನು ಹೊಸದಾಗಿ ಕಟ್ಟಿಸಿ ಪೂಜೆ ಇಟ್ಟುಕೊಂಡಾಗ ಅವರೂ ಬಂದಿದ್ದರು. ನಮ್ಮ ಮನೆಯವರು ಭಾಳ ಉಮೇದಿನಿಂದ ಛತ್ತಿಗೆ ಬಿಳಿ ಪ್ಲಾಸ್ಟರಿನ ಹೂಬಳ್ಳಿ ಮಾಡಿಸಿ, ಅದರೊಳಗೆ ಬಣ್ಣದ ದೀಪ ಅಡಗಿಸಿದ್ದರು. ಅಕ್ಕೋರು ಮೇಲೆ ನೋಡಿದರು. ನೋಡುತ್ತಲೇ ಇದ್ದರು. ನಮ್ಮ ಮನೆಯವರು ಹತ್ತಿರ ಹೋಗಿ, "ಹ್ಯಾಂಗ್ ಅದ್ರಿ ಮೇಡಂ?" ಅಂತ ನಕ್ಕರು.

"ದೇವರ ಮುಂದ ಹಗಲಿಲ್ಲ, ಪಡಸಾಲಿ ನೆತ್ತಿ ಮ್ಯಾಲ ಮಾತ್ರ ಮದವಿ ಮಂಟಪ ಅದ," ಅಂದು ಪ್ರಸಾದ ತಗೊಂಡು ಹೋದರು.

ಅವತ್ತಿನಿಂದ ನಮ್ಮವರು, "ಆಕಿ ಈ ಬಾಗಲಾಗ ಬಂದ್ರ ನಾ ಆ ಬಾಗಲಾಗ ಹೋಗ್ತೀನಿ" ಅನ್ನತೊಡಗಿದರು. ಹಾಗೇ ಮಾಡಿದರು ಕೂಡ. ಆದರೆ ದೇವರ ಕೋಣೆಯ ಗೋಡೆಗೆ ಒಂದು ಬೆಳಕಿಂಡಿ ಮಾತ್ರ ನನಗೆ ಹೇಳದೆ ತೆಗೆಸಿದರು.

ಅವರನ್ನು ಪ್ರೀತಿಸುವುದು ಸುಲಭವಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಪರಿಚಯದವರ ಮದುವೆಯಲ್ಲಿ ವಿಡಿಯೋದವರ ದೀಪದಡಿ ಬೆವರುತ್ತ ನಿಂತ ಮದುಮಗಳಿಗೆ, "ಸುಣ್ಣ ಹಚ್ಚಿದ ಗ್ವಾಡಿ ಕಂಡಂಗ ಕಾಣ್ತೀಯವ್ವ, ಹೊರಗ ನಡಿ, ನಿನ್ನ ಮಾರಿ ನಾ ನೋಡಬೇಕು" ಅಂದವರು. ಆ ಹುಡುಗಿ ಅತ್ತುಬಿಟ್ಟಳು. ಅಕ್ಕೋರಿಗೆ ಅದರ ಬೇಸರವೇನೂ ಇರಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, "ಆಕಿ ಮಾರಿ ಛಲೋ ಅದ. ಯಾರೂ ನೋಡಲಿಲ್ಲ," ಅಂದರು, ಅಷ್ಟೆ.

ಅವರು ಮಾಡುತ್ತಿದ್ದ ಕೆಲಸವನ್ನು ನನಗೆ ತಿಳಿದಂತೆ ಹೇಳುತ್ತೇನೆ. ಕಣ್ಣಿಗೆ ಬೇಕಾದ ಬೆಳಕು ಎಷ್ಟು ಬೀಳುತ್ತದೆ ಅಂತ ದಿನಾಲು ಅಳೆದಿಡುವವರು ನಮ್ಮ ಕಡೆ ಯಾರೂ ಇಲ್ಲ. ಬಿಸಿಲಿನ ಕಸುವನ್ನು ಅಳೆಯುವವರು ಮಾತ್ರ ಇದ್ದಾರೆ: ಹವಾಮಾನದವರು, ಸೋಲಾರಿನವರು. ಆದರೆ ಬಿಸಿಲೆಲ್ಲ ಬೆಳಕಲ್ಲ. ಅದರಲ್ಲಿ ಮೈಗೆ ಹತ್ತುವ ಉರಿಯ ಪಾಲು ಬೇರೆ, ಕಣ್ಣಿಗೆ ಕಾಣುವ ಪಾಲು ಬೇರೆ. ಅಳೆದ ಬಿಸಿಲಿನಿಂದ ಅಳೆಯದ ಬೆಳಕನ್ನು ಅಂದಾಜು ಮಾಡುವುದು, ಅದನ್ನೂ ನಮ್ಮಂಥ ಉರಿಯುವ ಸೀಮೆಗೆ ಹೊಂದುವಂತೆ ಮಾಡುವುದು, ಇದು ಅಕ್ಕೋರ ಹಟ. ಮೊದಲ ಸಲ ನನಗೆ ಹೇಳಿದಾಗ ನಾನು ಮಾಳಿಗೆಯ ಮೇಲೆ ತೊಗರಿ ಒಣಹಾಕುತ್ತಿದ್ದೆ.

"ಬಿಸಲಂದ್ರ ಆ ತೊಗರಿ ತಿಳಿ. ಬೆಳಕಂದ್ರ ಬ್ಯಾಳಿ. ಉಳಿದದ್ದೆಲ್ಲ ಹೊಟ್ಟು, ಮೈ ಸುಡೋದು. ಒಂದು ಚೀಲ ತೊಗರಿಗಿ ಎಷ್ಟು ಬ್ಯಾಳಿ ಬೀಳ್ತದ?"

"ತೊಗರಿ ಮ್ಯಾಲ ಹೋಗ್ತದಲ್ರಿ ಅಕ್ಕೋರ. ಎಲ್ಲಾ ವರ್ಷ ಒಂದೇ ಇರಂಗಿಲ್ಲ."

"ಬರೋಬ್ಬರಿ. ಥಂಡಿ ದೇಶದವರು ತಮ್ಮ ಬಿಸಲಿಗಿ ಇಷ್ಟಕ್ಕ ಇಷ್ಟು ಬೆಳಕಂತ ಒಂದು ಗುಣಾಕಾರ ಬರದಿಟ್ಟಾರ. ಅದನ್ನೇ ತಂದು ನಮ್ಮ ಬಿಸಲಿಗಿ ಹಚ್ತಾರ. ನಮ್ಮ ತೊಗರಿಗಿ ಎಷ್ಟು ಬ್ಯಾಳಿ ಬೀಳ್ತದಂತ ಹಿಮದಾಗ ಕುಂತಾವನ ಕೇಳಿದಂಗ. ಹೇಸಿಗಿ."

ನೇರ ಬಿಸಿಲಿಗಿಂತ ಬಾನಿನಿಂದ, ಮೋಡದಿಂದ ಸೋಸಿ ಬರುವುದರಲ್ಲಿ ಕಣ್ಣಿನ ಪಾಲು ಹೆಚ್ಚಂತೆ. ಅದಕ್ಕೇ ಶ್ರಾವಣದ ಮೋಡದ ದಿನ, ಊರೆಲ್ಲ ಬಟ್ಟೆ ಒಣಗಲಿಲ್ಲ ಅಂತ ಗೊಣಗುವಾಗ, ಅಕ್ಕೋರು ಮಾಳಿಗೆಯ ಮೇಲೆ ನಿಂತು ತೃಪ್ತಿಯಿಂದ, "ಇವತ್ತು ಹೊಟ್ಟು ಕಡಿಮಿ" ಅನ್ನುತ್ತಿದ್ದರು. ಅವರ ಮುಖದಲ್ಲಿ ಹೇಸಿಗೆ ಇಲ್ಲದ ದಿನಗಳೆಂದರೆ ಅವೇ.

ಅವರ ಮಾಳಿಗೆಯಲ್ಲಿ ಒಂದು ಬಿಸಿಲಳೆಯುವ ಉಪಕರಣವಿತ್ತು. ಅಂಗೈಯಗಲದ ಡಬ್ಬಿ, ನೆತ್ತಿಯ ಮೇಲೆ ಗಾಜಿನ ಪುಟ್ಟ ಗುಮ್ಮಟ, ಅದರೊಳಗೆ ಕಪ್ಪು ಬಿಲ್ಲೆ. ನಮ್ಮೂರಲ್ಲಿ ಗಾಳಿ ಯಾವ ಕಡೆಯಿಂದ ಬೀಸಿದರೂ ಬಿಳಿ ಧೂಳು ತರುತ್ತದೆ. ಒಂದು ಕಡೆ ಕಲ್ಲು ಕೊಯ್ಯುವ ಮಿಷನ್ನುಗಳು, ವಾಡಿ ಕಡೆಯಿಂದ ಬಂದರೆ ಸಿಮೆಂಟು. ರಾತ್ರಿ ತೊಳೆದಿಟ್ಟ ಪಾತ್ರೆಯ ಮೇಲೆ ಬೆಳಿಗ್ಗೆ ಹೆಸರು ಬರೆಯಬಹುದು. ಗುಮ್ಮಟದ ಮೇಲೆ ಆ ಧೂಳು ಕೂತರೆ ಅಳತೆ ಸುಳ್ಳಾಗುತ್ತದೆ. ಹಾಗಾಗಿ ಅಕ್ಕೋರು ಸೂರ್ಯ ಹುಟ್ಟುವ ಮುಂಚೆ ತಂದೆಯವರ ಹಳೆ ಧೋತರದ ತುಂಡು ಹಿಡಿದು ಮೇಲೆ ಹೋಗುತ್ತಿದ್ದರು. ಊದುತ್ತಿರಲಿಲ್ಲ, ಬಾಯಿಯ ಎಂಜಲು ಸಿಡಿಯುತ್ತದೆ ಅಂತ. ಮೊದಲು ನೀರು ಬಿಡುವುದು, ಆಮೇಲೆ ಬಟ್ಟೆಯನ್ನು ಬರೀ ಆನಿಸುವುದು, ಕೂಸಿನ ಮೂಗು ಒರೆಸಿದ ಹಾಗೆ. ಮನುಷ್ಯರ ಮೈಮುಟ್ಟಿ ಮಾತಾಡದ ಹೆಂಗಸು ಆ ಗಾಜಿಗೆ ತೋರಿಸುತ್ತಿದ್ದ ನಾಜೂಕನ್ನು ನಾನು ಈ ಕಡೆಯ ಮಾಳಿಗೆಯಿಂದ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು, ಎಷ್ಟೋ ಸಲ ನಿಂತು ನೋಡಿದ್ದೇನೆ.

ಅವರಿಗೆ ಇನ್ನೊಂದು ಉಪಕರಣವೂ ಇತ್ತು. ಅದು ನಾನು.

"ಲೆಕ್ಕ ಒಂದು ಹೇಳ್ತದ, ಕಣ್ಣು ಒಂದು ಹೇಳ್ತದ. ಎರಡೂ ಕೂಡೋತನ ನಾ ನಂಬಂಗಿಲ್ಲ. ಮೊರ ತಗೋ ಕಾನ್ವೆಂಟ್, ನಡಿ," ಅಂತ ಹೊರಡಿಸುತ್ತಿದ್ದರು. ಒಂದು ಚೀಲದಲ್ಲಿ ಮೊರ, ಅರಿವೆಯ ಗಂಟಿನಲ್ಲಿ ತೊಗರಿಬೇಳೆ. ಬೇಳೆಗೆ ಅವರೇ ಆರಿಸಿದ ಸಣ್ಣ ಹಳದಿ ಕಲ್ಲುಗಳನ್ನು ಬೆರೆಸಿರುತ್ತಿದ್ದರು. ಶಾಲೆಯೋ ಆಫೀಸೋ, ಯಾವುದೇ ಕೋಣೆಯಲ್ಲಿ ಕಿಟಕಿಯಿಂದ ದೂರದ ಮೂಲೆಯಲ್ಲಿ ನನ್ನನ್ನು ಕೂಡಿಸಿ, ದೀಪ ಆರಿಸಿ, ಕಲ್ಲು ಆರಿಸಲು ಹೇಳುವರು. ಕಲ್ಲು ನನ್ನ ಕಣ್ಣಿಗೆ ಮೊದಲು ಸಿಕ್ಕರೆ ಆ ಕೋಣೆ ಪಾಸು. ಬೆರಳಿಗೆ ಮೊದಲು ಸಿಕ್ಕರೆ ಫೇಲು.

ಚಿಂಚೋಳಿಗೆ ಹೊಂದಿದ ಚಂದಾಪುರದ ಒಂದು ಆಫೀಸಿನಲ್ಲಿ ಹೀಗೇ ಮೊರ ಹಿಡಿದು ಕೂತಾಗ ಅಲ್ಲಿನ ಗುಮಾಸ್ತ ಕುರ್ಚಿಯಿಂದ ಏಳದೆ, "ಏನ್ರಮ್ಮ, ಬ್ಯಾಳಿ ಮಾರ್ಲಿಕ್ಕ ಬಂದೀರೇನು?" ಅಂದ.

"ಇಲ್ಲಪ್ಪ. ನೀ ಕುಂತ ಜಾಗಾದಾಗ ಕಲ್ಲು ಆರಿಸ್ಲಿಕ್ಕ ಬಂದೀವಿ," ಅಂದರು ಅಕ್ಕೋರು.

ಆ ಕೋಣೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ದೊಡ್ಡ ಕಿಟಕಿ, ಅದರ ಅರ್ಧಕ್ಕೆ ಅಡ್ಡವಾಗಿ ಬೀರು. ಉಳಿದರ್ಧದ ಕಟ್ಟೆಯ ಮೇಲೆ ಗುಟ್ಕಾದ ಉಗುಳು, ಒಣಗಿದ್ದರ ಮೇಲೆ ಹಸಿ, ಹಸಿಯದರ ಮೇಲೆ ನೊಣ. ಸರಳುಗಳ ಬುಡ ಗಟ್ಟಿಯಾದ ಬೆಲ್ಲದ ಪಾಕದಂತೆ ಕೆಂಪಗೆ ಹೊಳೆಯುತ್ತಿತ್ತು. ನಾನು ಕರ್ಚೀಫು ಮೂಗಿಗೆ ಒತ್ತಿಕೊಂಡು ಮುಖ ತಿರುಗಿಸಿದೆ. ಅಕ್ಕೋರು ನನ್ನ ಗದ್ದ ಹಿಡಿದು ಮತ್ತೆ ಆ ಕಡೆ ತಿರುಗಿಸಿದರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ನೋಡು. ಸೂರ್ಯನಿಂದ ಇಲ್ಲಿತನ ಬಂದದ. ಬಂದದ್ದರ ಬಾಯಿಗೇ ಉಗಳ್ಯಾರ. ಆಮ್ಯಾಲ ಕರೆಂಟ್ ಹೋಯ್ತಂತ ಒದರ್ತಾರ."

ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಅವರು ತಮಗೆ ತಾವೇ ಅನ್ನುವ ಹಾಗೆ ಅಂದ ಮಾತನ್ನು ನಾನು ಮರೆತಿಲ್ಲ. "ಬಿಸಲು ಎಲ್ಲಾಕಡಿ ಒಂದೇ. ಚಿಂಚೋಳಿ ಕೆಂಪು ನೆಲ ಅದಕ್ಕ ಕಾವಿ ಬಳೀತದ. ದಂಡೋತಿ ಕರಿ ಎರಿ ನೆಲ ಅದನ್ನ ನುಂಗ್ತದ. ನಮ್ಮ ಪರಸಿ ಕಲ್ಲು ನೋಡು, ಬಿದ್ದದ್ದನ್ನ ಹೊಳ್ಳಿ ಕೊಡ್ತದ." ಅವತ್ತು ನನಗೆ ಅವರು ಎಲ್ಲೆಲ್ಲೂ ಛತ್ತನ್ನು ಯಾಕೆ ನೋಡುತ್ತಾರೆ ಅಂತ ತಿಳಿಯಿತು. ನಮ್ಮ ಕಡೆ ನೇರ ಬಿಸಿಲನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಂಡರೆ ಬೇಯುತ್ತೇವೆ. ಒಳಗೆ ಬರುವ ಒಳ್ಳೆಯ ಬೆಳಕು ಹೊರಗಿನ ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು, ಬಾಗಿಲು ಕಿಟಕಿಯೊಳಗಿಂದ ಹಾದು ಛತ್ತಿಗೆ ಬಡಿದು, ಛತ್ತಿನಿಂದ ನಮ್ಮ ಪುಸ್ತಕದ ಮೇಲೆ ಇಳಿಯುತ್ತದೆ. ನೆಲ ಹೇಗಿದೆಯೋ ಹಾಗೆ ಛತ್ತು.

ಹೆಣ್ಣುಮಕ್ಕಳ ಶಾಲೆ ಅವರಿಗೆ ಸಿಕ್ಕಿದ್ದು ನಿವೃತ್ತಿಯ ಮೇಲೆ. ಮೂರು ಕಡೆ ಕೋಣೆಗಳು, ನಡುವೆ ಅಂಗಳ, ನಾಲ್ಕನೆಯ ಕಡೆ ಗೇಟು. ಕೋಣೆಗಳಿಗೆ ರಸ್ತೆಯ ಕಡೆ ಕಿಟಕಿಗಳಿದ್ದವು, ಆದರೆ ಸಮಿತಿಯವರು ಅವಕ್ಕೆಲ್ಲ ಮೊಳೆ ಬಡಿಸಿದ್ದರು. ಹೋಗುಬರುವವರು ಅಲ್ಲಿಂದ ಒಳಗೆ ಉಗುಳುತ್ತಿದ್ದರು; ಒಮ್ಮೆ ಒಂದು ಹುಡುಗಿಯ ಜಡೆಯ ಮೇಲೆ ಬಿತ್ತು. ಉಗುಳುವವರಿಗೆ ಯಾರೂ ಏನೂ ಅನ್ನಲಿಲ್ಲ. ಕಿಟಕಿ ಮುಚ್ಚಿದರು. ಅಂಗಳದಲ್ಲಿ ಬರೀ ಕರಿ ಮಣ್ಣು, ಮಳೆಗಾಲದಲ್ಲಿ ಕೆಸರು. ಹಗಲೆಲ್ಲ ಟ್ಯೂಬ್‌ಲೈಟು; ಕರೆಂಟು ಹೋದರೆ ಪಾಠ ಬಂದ್.

ಅಕ್ಕೋರು ಬಿಸಿಲಿನ ಅಳತೆಯಿಂದ ಆ ಕೋಣೆಗಳ ಬೆಳಕಿನ ಅಂದಾಜು ತೆಗೆದರು, ನಾನು ಮೂಲೆಮೂಲೆಯಲ್ಲಿ ಕಲ್ಲು ಆರಿಸಿದೆ. ಎಲ್ಲ ಫೇಲು. ಆಮೇಲೆ ಅವರು ಕಲ್ಲಿನ ಮಿಷನ್ನುಗಳವರನ್ನು ಬೈದು, ಕಾಡಿ, ಮೂಲೆ ಮುರಿದ ಪರಸಿ ಹಾಸುಗಲ್ಲುಗಳನ್ನು ತರಿಸಿ, ಅಂಗಳಕ್ಕೆಲ್ಲ ಹಾಸಿಸಿದರು. ಕೋಣೆಗಳ ಛತ್ತಿಗೆ ಸುಣ್ಣ ಹೊಡೆಸಿದರು. ಶನಿವಾರ ಬೆಳಿಗ್ಗೆ ಹುಡುಗಿಯರ ಜೊತೆ ತಾವೂ ಸೀರೆ ಎತ್ತಿ ಕಟ್ಟಿ ಅಂಗಳ ತೊಳೆಯುತ್ತಿದ್ದರು. ಮೊದಲ ಸಲ ತೊಳೆದು, ನೆಲ ಆರಿ, ಬಿಸಿಲು ಏರಿದಾಗ ಶಾಲೆಯ ದೊಡ್ಡ ಟೀಚರು ತಾವಾಗಿ ಎದ್ದು ಹೋಗಿ ಸ್ವಿಚ್ಚು ಆರಿಸಿದರು. ಛತ್ತು ಹಾಲಿನಂತೆ ಇತ್ತು. ಮೂಲೆಯಲ್ಲಿ ಕೂತ ನನ್ನ ಮೊರದಲ್ಲಿ ಕಲ್ಲುಗಳು ತಾವೇ ಎದ್ದು ನಿಂತ ಹಾಗೆ ಕಂಡವು. ನಾನು ಮೇಲೆ ನೋಡಿದೆ. ಅಕ್ಕೋರೂ ಮೇಲೆ ನೋಡುತ್ತಿದ್ದರು. ಅವರು ನಗಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಹ್ಞೂಂ" ಅಂದರು.

ತಗಡಿನ ಮಾತು ಅವರಿರುವಾಗಲೇ ಎದ್ದಿತ್ತು. ಕಾರ್ಯಕ್ರಮಗಳಿಗೆ ನೆರಳಿಲ್ಲ ಅಂತ ಕಾರ್ಯದರ್ಶಿಗಳಿಗೆ ಕೊರಗು. ಭಾಷಣ ಮಾಡುವವರ ತಲೆ ಸುಡುತ್ತದಂತೆ. ಒಂದು ದಿನ ಅವರು ಅಂಗಳದ ನಡುವೆ ಮೊಬೈಲ್ ಹಿಡಿದು ನಿಂತು, "ನೋಡ್ರಿ ಮೇಡಂ, ಇದರಾಗ ಬೆಳಕು ಅಳೀತದ, ಆಪ್ ಅದ. ಎಷ್ಟು ತೋರಿಸ್ಲಿಕತ್ತದ! ಇದರಾಗ ಅರ್ಧಾ ಮುಚ್ಚಿದ್ರೂ ಭಾಳ ಉಳೀತದ" ಅಂದರು.

ಅಕ್ಕೋರು ಅವರ ಮೊಣಕೈ ಹಿಡಿದು ಕೋಣೆಯೊಳಗೆ ಕರೆದುಕೊಂಡು ಹೋಗಿ ಕೊನೆಯ ಬೆಂಚಿಗೆ ಕೂಡಿಸಿದರು. "ಹುಡುಗ್ಯಾರು ಅಂಗಳದಾಗ ನಿಂತು ಓದಂಗಿಲ್ಲ, ಇಲ್ಲಿ ಕುಂತು ಓದ್ತಾರ. ಇಲ್ಲಿಂದ ಅಳೀರಿ. ಈ ಬೆಳಕಿನ ತವರುಮನಿ ಆ ನೆಲ. ಅದಕ್ಕ ತಗಡು ಹೊಚ್ಚಿದ್ರಿ ಅಂದ್ರ ಇವರ ಕಣ್ಣಿಗಿ ಹೊಚ್ಚಿದಂಗ." ಕಾರ್ಯದರ್ಶಿಗಳು ಎದ್ದು ಪ್ಯಾಂಟಿನ ಧೂಳು ಕೊಡವಿ, "ಆತು ಬಿಡ್ರಿ, ನೀವು ಇರೋತನ ಹಾಕಂಗಿಲ್ಲ" ಅಂದು ನಕ್ಕರು.

ಅವರು ಮಾತಿಗೆ ತಪ್ಪಲಿಲ್ಲ. ಅಕ್ಕೋರು ಇರುವ ತನಕ ಹಾಕಲಿಲ್ಲ.

ಅಕ್ಕೋರು ಕೊನೆಗೆ ಮಲಗಿದ್ದು ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ. ಅಲ್ಲಿ ಎಲ್ಲ ಹೊತ್ತೂ ಒಂದೇ ಬಣ್ಣ. ಒಳಗೆ ಬಿಟ್ಟಾಗ ನಾನು ಅವರ ಕೈ ಮೇಲೆ ಕೈ ಇಟ್ಟೆ. ಅವರು ಛತ್ತು ನೋಡುತ್ತಿದ್ದರು. ಚೌಕ ಚೌಕದ ಹಲಗೆ, ನಡುವೆ ದೀಪ. "ಈಗ ಹೊತ್ತೆಷ್ಟು?" ಅಂದರು. "ಮಧ್ಯಾಹ್ನ ಆಗ್ಯದ್ರಿ ಅಕ್ಕೋರ," ಅಂದೆ. ಅವರು ನಂಬಲಿಲ್ಲ ಅಂತ ಕಾಣುತ್ತದೆ. ನನ್ನ ಕಡೆ ತಿರುಗಿ, ಮತ್ತೆ ಛತ್ತಿನ ಕಡೆ ತಿರುಗಿ, ಮೂಗಿನ ಹೊಳ್ಳೆ ಕಿರಿದು ಮಾಡಿಕೊಂಡರು. ಇನ್ನೊಂದು ಮಾತಾಡುವ ತ್ರಾಣ ಇರಲಿಲ್ಲ. ಆದರೆ ಏನಂದರು ಅಂತ ನನಗೆ ಕೇಳಿಸಿತು.

ಈಗ ಕಾರ್ಯದರ್ಶಿಗಳು ನಮ್ಮ ಸೋಫಾಕ್ಕೆ ಸೋಂಪಿನ ಸಿಪ್ಪೆ ಒರೆಸುತ್ತ ಅವರ ನಗುವ ಫೋಟೋ ಕೇಳುತ್ತಿದ್ದರು.

"ಅವರು ನಕ್ಕ ಫೋಟೋ ಇಲ್ರಿ," ಅಂದೆ. ಅದು ನಿಜ.

"ನಗದಿದ್ರೂ ನಡೀತದ್ರಿ. ಕಾಲೇಜಿನ ಐಡಿ ಕಾರ್ಡಿಂದು ಸಿಕ್ಕದ ನಮಗ."

"ಅದರಾಗ ಅವರು ಸಿಟ್ಟಿಲೆ ನೋಡ್ಲಿಕತ್ತಾರಲ್ರಿ."

"ಫಿಕರ್ ಮಾಡಬ್ಯಾಡ್ರಿ," ಅಂದು ಅವರು ಎದ್ದರು. "ನಗಸ್ತೀವಿ."

ಅವರು ಹೋದ ಮೇಲೆ ಸೋಫಾದ ಕೈಯನ್ನು ಸೋಪು ಹಾಕಿ ತಿಕ್ಕಿದೆ. ತಿಕ್ಕಿದಷ್ಟೂ ಹೋಗಿಲ್ಲ ಅನ್ನಿಸುತ್ತಿತ್ತು. ಸಂಜೆ ನಮ್ಮ ಮನೆಯವರಿಗೆ ಹೇಳಿದರೆ, "ಹೋಗ್ಲಿ ಬಿಡು, ನಾವು ಯಾಕ ಕೆಟ್ಟವರಾಗೋದು? ಕರದಾರ, ಹೋಗಿ ಕುಂತು ಬಾ" ಅಂದರು. ಸ್ವಲ್ಪ ಹೊತ್ತಿನ ಮೇಲೆ, ಪೇಪರಿನ ಹಿಂದಿನಿಂದ, "ಆಕಿ ಇದ್ದಿದ್ರ ಇವನ ಗತಿ ನೋಡಬೇಕಾಗಿತ್ತು" ಅಂತಲೂ ಅಂದರು.

ಉದ್ಘಾಟನೆಗೆ ಹೋದೆ. ಗೇಟಿನೊಳಗೆ ಕಾಲಿಟ್ಟ ಕೂಡಲೇ ಕಂಡದ್ದು ಅವರ ಮುಖ. ಆಳೆತ್ತರದ ಫ್ಲೆಕ್ಸಿನಲ್ಲಿ ಅಕ್ಕೋರು ನಗುತ್ತಿದ್ದರು. ಯಾವುದೋ ಕಂಪ್ಯೂಟರಿನಲ್ಲಿ ಹಾಕಿ ಮಾಡಿಸಿದ್ದು. ಅವರಿಗಿರದಿದ್ದ ಸಾಲು ಹಲ್ಲು, ಗುಲಾಬಿ ತುಟಿ, ಕೆನ್ನೆಗೆ ಹಾಲಿನಂಥ ಬಿಳುಪು, ಸೋಪಿನ ಜಾಹೀರಾತಿನ ಹಾಗೆ. ಮುಖದ ಗೆರೆಗಳನ್ನೆಲ್ಲ ಇಸ್ತ್ರಿ ಮಾಡಿದ್ದರು. ಮೂಗಿನ ಹೊಳ್ಳೆಗಳು ಅಗಲವಾಗಿದ್ದವು. ಹೊಲಸನ್ನು ಕಂಡಾಗ ಮುಖ ತಿರುಗಿಸುವುದು ನನ್ನ ರೂಢಿ. ಈ ಸಲ ಗದ್ದ ಹಿಡಿದು ತಿರುಗಿಸುವವರು ಇರಲಿಲ್ಲ, ನಾನೇ ನೋಡಿದೆ.

ಅಂಗಳಕ್ಕೆಲ್ಲ ನೀಲಿ ತಗಡು. ಗೇಟಿನ ಕಡೆ ಉಳಿದ ಸಂದಿಗೆ ಫ್ಲೆಕ್ಸು, ಶಾಮಿಯಾನದ ಪರದೆ. ತಗಡಿನಡಿ ಸಾಲುಸಾಲು ಟ್ಯೂಬ್‌ಲೈಟು ಉರಿಯುತ್ತಿದ್ದವು. ಹೊರಗೆ ನೆತ್ತಿ ಸುಡುವ ಬಿಸಿಲು. ದೊಡ್ಡ ಹುಡುಗಿಯರನ್ನು ಕಾರ್ಯಕ್ರಮಕ್ಕೆ ಕೂಡಿಸಿ, ಸಣ್ಣವರಿಗೆ ಕೋಣೆಗಳಲ್ಲಿ ಬರೆಯಲು ಕೊಟ್ಟಿದ್ದರು, ಅಲ್ಲಿಯೂ ಟ್ಯೂಬ್‌ಲೈಟು. ವೇದಿಕೆಯ ಮೇಲೆ ನನ್ನ ಪಕ್ಕ ಕೂತ ದೊಡ್ಡ ಟೀಚರು ಒಮ್ಮೆಯೂ ಮೇಲೆ ನೋಡಲಿಲ್ಲ. ಕೈಯಲ್ಲಿದ್ದ ಹೂವಿನ ಎಸಳನ್ನು ಸಣ್ಣ ಸಣ್ಣ ಚೂರು ಮಾಡುತ್ತ ಕೂತಿದ್ದರು.

ಭಾಷಣಗಳಾದವು. ಅಕ್ಕೋರು ಸದಾ ಹಸನ್ಮುಖಿಯಂತೆ. ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಿದ್ದರಂತೆ. ಈ ಶೆಡ್ಡು ಅವರ ಬಹುದಿನದ ಕನಸಂತೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಅವಳಿಗಾದರೂ ನೆನಪಿತ್ತಲ್ಲ.

"ಈಗ ಮೇಡಂನವರ ಆತ್ಮೀಯರು ಎರಡು ಮಾತು ಆಡ್ತಾರ. ಅವರೇ ಮೌನಾಚರಣೆ ನಡೆಸಿ ಕೊಡ್ತಾರ," ಅಂದರು ಕಾರ್ಯದರ್ಶಿಗಳು.

ನಾನು ಮೈಕಿನ ಮುಂದೆ ನಿಂತೆ. ಬರೆದುಕೊಂಡು ಹೋದದ್ದೇನೂ ಇರಲಿಲ್ಲ. ಕತ್ತು ತಾನಾಗಿ ಮೇಲೆ ಹೋಯಿತು. ಛತ್ತಿನ ಜಾಗದಲ್ಲಿ ನೀಲಿ ಕತ್ತಲೆ. ನನ್ನ ಜೊತೆ ಸಭೆಯೂ ಮೇಲೆ ನೋಡಿತು, ಹಲ್ಲಿ ಇದೆಯೇನೋ ಅಂತ.

"ನನಗ ಮಾತಾಡ್ಲಿಕ್ಕ ಬರಂಗಿಲ್ರಿ," ಅಂದೆ. "ಎಲ್ಲಾರೂ ಎದ್ದು ನಿಂದರ್ರಿ. ಒಂದು ನಿಮಿಷ ಮೌನ. ಅವರಿಗಾಗಿ ಅಂತೀರಿ, ಅದಕ್ಕ ಅವರು ಹೇಳ್ತಿದ್ದಂಗ ದೀಪಾನೂ ಆರಿಸ್ರಿ. ಕೋಣ್ಯಾಗಿನವೂ."

ಕಾರ್ಯದರ್ಶಿಗಳಿಗೆ ಅದು ಚೆಂದದ ಆಚರಣೆಯಂತೆ ಕಂಡಿರಬೇಕು. ಖುಷಿಯಿಂದಲೇ ಕೈ ಎತ್ತಿ ಸನ್ನೆ ಮಾಡಿದರು. ಯಾರೋ ಮೇನ್ ಸ್ವಿಚ್ಚನ್ನೇ ಇಳಿಸಿದರು.

ಕತ್ತಲಾಯಿತು ಅಂದರೆ ನಂಬಲಿಕ್ಕಿಲ್ಲ, ನಡುಮಧ್ಯಾಹ್ನ. ಆದರೆ ಎದುರಿಗೆ ನಿಂತವರ ಮುಖಗಳು ಹೋದವು. ಬಿಳಿ ಅಂಗಿಗಳು ಮಾತ್ರ ಉಳಿದವು. ಕಾಲಡಿಯ ಪರಸಿ ಕಲ್ಲುಗಳು, ಹುಡುಗಿಯರು ತಿಕ್ಕಿ ತೊಳೆದ ಕಲ್ಲುಗಳು, ಕೆಸರಿನ ಬಣ್ಣಕ್ಕೆ ತಿರುಗಿದ್ದವು. ತಗಡು ಕಾದು ಟಿಕ್ ಟಿಕ್ ಅನ್ನುತ್ತಿತ್ತು. ಫ್ಯಾನೂ ನಿಂತಿದ್ದರಿಂದ ಬೆವರಿನ, ಸೆಂಟಿನ, ಗುಟ್ಕಾದ ವಾಸನೆಗಳು ಒಂದೊಂದಾಗಿ ಮುಂದೆ ಬಂದವು.

ಕೋಣೆಯೊಳಗಿಂದ ಒಂದು ಸಣ್ಣ ದನಿ ಬಂತು. "ಟೀಚರ್, ಅಕ್ಷರಾ ಕಾಣವಲ್ವು."

ಯಾರೂ ಉತ್ತರ ಕೊಡಲಿಲ್ಲ. ಮೌನಾಚರಣೆಯಲ್ಲವೇ. "ನನಗೂ ಕಾಣವಲ್ವು ಟೀಚರ್" ಅಂತ ಇನ್ನೊಂದು. ಆಮೇಲೆ ಆಚೆ ಕೋಣೆಯಿಂದ, ಈಚೆ ಕೋಣೆಯಿಂದ.

ಮೌನ ಮುಗಿಯಿತು ಅಂತ ಹೇಳಬೇಕಾದವಳು ನಾನು. ನಾನು ಹೇಳಲಿಲ್ಲ. ನಿಂತೆ. ಜನ ಕಾಲು ಬದಲಿಸಿದರು, ಕೆಮ್ಮಿದರು. ಕಾರ್ಯದರ್ಶಿಗಳು ಹಿಂದಿನಿಂದ ಬಂದು ನನ್ನ ಕಿವಿಯ ಹತ್ತಿರ, "ಸಾಕ್ರಿ ವೈನಿ, ದೀಪ ಹಾಕಸ್ಲೇನು? ಯಾರದೂ ಮಾರಿ ಕಾಣವಲ್ದು," ಅಂದರು. ಸೋಂಪಿನ ವಾಸನೆ ಕೆನ್ನೆಗೆ ತಾಗಿತು.

"ಹೇಸಿಗಿ," ಅಂದೆ.

ಮೆಲ್ಲಗೇ ಅಂದಿದ್ದೆ. ಮೈಕಿಗೆ ಬ್ಯಾಟರಿ ಇತ್ತಂತೆ, ನನಗೆ ಗೊತ್ತಿರಲಿಲ್ಲ. ಆ ಮಾತು ಮೂರೂ ಕಡೆಯ ಗೋಡೆಗೆ ಬಡಿದು, ತಗಡಿಗೆ ಬಡಿದು, ಎಲ್ಲರ ತಲೆಯ ಮೇಲೆ ಇಳಿಯಿತು. ಸಿಸ್ಟರುಗಳು ಕೇಳಿದ್ದರೆ ಏನನ್ನುತ್ತಿದ್ದರೋ. ನನಗೆ ಸಾರಿ ಅನ್ನಬೇಕು ಅನ್ನಿಸಲಿಲ್ಲ. ದೊಡ್ಡ ಟೀಚರು ಮೊದಲ ಸಲ ಕತ್ತೆತ್ತಿ ಮೇಲೆ ನೋಡಿದರು.

ಆಮೇಲೆ ದೀಪ ಬಂದವು, ಚಪ್ಪಾಳೆಯೂ ಬಿತ್ತು. ಯಾವುದಕ್ಕೆ ಹೊಡೆದರೋ. ಎಲ್ಲರಿಗೂ ಉಪ್ಪಿಟ್ಟು, ಬೂಂದಿ ಕೊಟ್ಟರು. ನಾನು ಮುಟ್ಟಲಿಲ್ಲ.

ಶೆಡ್ಡು ಇದೆ. ಆದರೆ ಕೋಣೆಗಳ ಬಾಗಿಲ ಮುಂದಿನ ಸಾಲಿನ ತಗಡುಗಳು ಈಗಿಲ್ಲ. ಗಾಳಿಗೆ ಹಾರಿದವು ಅಂತ ಕಾರ್ಯದರ್ಶಿಗಳಿಗೆ ವರದಿ ಹೋಗಿದೆ. ಮೊನ್ನೆ ನಾನು ಶಾಲೆಗೆ ಹೋದಾಗ ದೊಡ್ಡ ಟೀಚರ ಟೇಬಲ್ಲಿನ ಮೇಲೆ ಒಂದು ಡಬ್ಬಿಯ ತುಂಬ ನಟ್ಟು ಬೋಲ್ಟುಗಳಿದ್ದವು, ಎಣ್ಣೆ ಒರೆಸಿ ಇಟ್ಟಂಥವು. ಹೀಗೆ ಬಿಚ್ಚಿಡುವ ಗಾಳಿ ಯಾವುದು ಅಂತ ನಾನು ಕೇಳಲಿಲ್ಲ. ಅವರು, "ಶನಿವಾರ ಅಂಗಳ ತೊಳೀತೀವಿ, ಬರ್ರಿ" ಅಂದರು, ಅಷ್ಟೆ.

ತಗಡು ಹೋದ ಜಾಗದಿಂದ ಬಿಸಿಲು ಈಗ ಗೇಟಿನ ಪಕ್ಕದ ಆ ಫ್ಲೆಕ್ಸಿನ ಮೇಲೂ ಬೀಳುತ್ತದೆ. ದಿನಾಲು, ಅಡ್ಡಿಯಿಲ್ಲದೆ. ತುಟಿಯ ಗುಲಾಬಿ ಆಗಲೇ ಹೋಗಿದೆ. ಹಲ್ಲಿನ ಸಾಲು ಯಾವುದು, ಕೆನ್ನೆ ಯಾವುದು ಅಂತ ತಿಳಿಯದಷ್ಟು ಮಾಸಿದೆ. ಮಳೆಗಾಲ ಬರುವುದರೊಳಗೆ ಆ ನಗು ಪೂರ್ತಿ ಹೋಗುತ್ತದೆ, ಬಿಸಿಲು ನೋಡಿ ನನ್ನ ಅಂದಾಜು.